ಮನೆಯ ಅಡುಗೆಯಲ್ಲಿ ಕ್ಯಾಲೊರಿಗಳ ಸರಿಯಾದ ಲೆಕ್ಕ: ಮೊಟ್ಟೆಯ ಖಾದ್ಯಗಳ ಉದಾಹರಣೆಯೊಂದಿಗೆ

ಪೀಠಿಕೆ

ಗ್ರಾಮೀಣ ಹಾಗೂ ನಗರ ಪ್ರದೇಶಗಳೆರಡರಲ್ಲಿಯೂ ಸುಲಭವಾಗಿ ದೊರೆಯುವ, ಉತ್ತಮ ಗುಣಮಟ್ಟದ ಸಸಾರಜನಕವನ್ನು ಒದಗಿಸುವ ಆಹಾರಗಳಲ್ಲಿ ಮೊಟ್ಟೆಯು ಪ್ರಮುಖವಾದುದು. ಮಧುಮೇಹ ಅಥವಾ ಅಧಿಕ ತೂಕದ ಕಾರಣದಿಂದ ಆಹಾರದ ಶಕ್ತಿಯನ್ನು ಮಿತಗೊಳಿಸಬೇಕಾದವರೂ, ತೂಕ ಕಡಿಮೆಯಿದ್ದು ಶಕ್ತಿಯನ್ನು ಹೆಚ್ಚಿಸಿಕೊಳ್ಳಬೇಕಾದವರೂ ದಿನನಿತ್ಯದ ಊಟದ ಕ್ಯಾಲೊರಿಗಳನ್ನು ಲೆಕ್ಕ ಹಾಕುವುದು ಈಗ ಸಾಮಾನ್ಯವಾಗಿದೆ. ಆದರೆ "ಒಂದು ಮೊಟ್ಟೆಗೆ ಇಷ್ಟು, ಒಂದು ಮುದ್ದೆಗೆ ಇಷ್ಟು" ಎಂಬ ಸಿದ್ಧ ಸಂಖ್ಯೆಗಳನ್ನು ಕೂಡಿಸುತ್ತಾ ಹೋದರೆ ದೊರೆಯುವ ಮೊತ್ತವು ನಿಜವಾಗಿ ಸೇವಿಸಿದ ಶಕ್ತಿಗಿಂತ ಬಹಳಷ್ಟು ದೂರವಿರುವ ಸಾಧ್ಯತೆಯಿದೆ.

ಈ ವ್ಯತ್ಯಾಸವು ಹೆಚ್ಚಾಗಿ ಮೂರು ಕಡೆಗಳಲ್ಲಿ ಉಂಟಾಗುತ್ತದೆ: ತೂಕವನ್ನು ಹಸಿಯಾಗಿ ತೆಗೆದುಕೊಂಡದ್ದೋ ಬೆಂದ ನಂತರವೋ ಎಂಬ ಗೊಂದಲ, ಅಳತೆಯಿಲ್ಲದೆ ಸುರಿದ ಎಣ್ಣೆ, ಹಾಗೂ ಪಾತ್ರೆಯಿಂದ ಯಾರ ತಟ್ಟೆಗೆ ಎಷ್ಟು ಬಂದಿತೆಂಬ ಊಹೆ. ಈ ಮೂರನ್ನು ಸರಿಪಡಿಸಿಕೊಂಡರೆ ಸಾಮಾನ್ಯ ಅಡುಗೆಮನೆಯಲ್ಲಿಯೇ ತೃಪ್ತಿಕರವಾದ ಲೆಕ್ಕವನ್ನು ಇಡಬಹುದು. ಅದರ ಕ್ರಮವನ್ನು ಮೊಟ್ಟೆಯ ಸರಳ ಖಾದ್ಯಗಳ ಮೂಲಕ ಇಲ್ಲಿ ವಿವರಿಸಲಾಗಿದೆ.

ಕ್ಯಾಲೊರಿ ಎಂದರೇನು?

ಆಹಾರದಿಂದ ದೇಹಕ್ಕೆ ದೊರೆಯುವ ಶಕ್ತಿಯನ್ನು ಕಿಲೋ ಕ್ಯಾಲೊರಿಗಳಲ್ಲಿ ಅಳೆಯಲಾಗುತ್ತದೆ. ಆಡುಮಾತಿನಲ್ಲಿಯೂ ಮೊಬೈಲ್ ಆ್ಯಪ್‌ಗಳಲ್ಲಿಯೂ "ಕ್ಯಾಲೊರಿ" ಎಂದು ಹೇಳುವುದು ಈ ಕಿಲೋ ಕ್ಯಾಲೊರಿಯನ್ನೇ. ಈ ಲೇಖನದಲ್ಲಿ ಅದನ್ನು ಕಿ.ಕ್ಯಾ. ಎಂದು ಸೂಚಿಸಲಾಗಿದೆ. ಆಹಾರದಲ್ಲಿರುವ ಘಟಕಗಳಿಂದ ದೊರೆಯುವ ಶಕ್ತಿಯು ಈ ಕೆಳಗಿನಂತಿದೆ.

- 1 ಗ್ರಾಂ ಶರ್ಕರಪಿಷ್ಟ: 4 ಕಿ.ಕ್ಯಾ.
- 1 ಗ್ರಾಂ ಸಸಾರಜನಕ: 4 ಕಿ.ಕ್ಯಾ.
- 1 ಗ್ರಾಂ ಕೊಬ್ಬು: 9 ಕಿ.ಕ್ಯಾ.

ನೀರು ಮತ್ತು ಉಪ್ಪಿನಲ್ಲಿ ಶಕ್ತಿಯಿಲ್ಲ. ಬೇಯಿಸುವುದರಿಂದ ಪದಾರ್ಥದ ಶಕ್ತಿ ಹೆಚ್ಚುವುದಿಲ್ಲ. ನೀರು ಸೇರಿದರೆ ಅಥವಾ ಆವಿಯಾದರೆ ತೂಕ ಮಾತ್ರ ಬದಲಾಗುತ್ತದೆ. ಎಣ್ಣೆ, ತುಪ್ಪ, ಬೆಣ್ಣೆ, ತೆಂಗಿನಕಾಯಿ, ಸಕ್ಕರೆ ಮುಂತಾದವು ಸೇರಿದಾಗ ಮಾತ್ರ ಖಾದ್ಯದ ಒಟ್ಟು ಶಕ್ತಿ ಏರುತ್ತದೆ. ಮುಂದಿನ ಎಲ್ಲ ಲೆಕ್ಕಗಳೂ ಈ ತತ್ತ್ವವನ್ನು ಅವಲಂಬಿಸಿವೆ.

ಕೋಷ್ಟಕಗಳನ್ನು ಓದುವ ಕ್ರಮ

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2017ರಲ್ಲಿ ಪ್ರಕಟಿಸಿದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕವು ನಮ್ಮ ದೇಶದ ಆಹಾರ ಪದಾರ್ಥಗಳಿಗೆ ಮುಖ್ಯ ಆಧಾರವಾಗಿದೆ. ಅದನ್ನು ಬಳಸುವಾಗ ಎರಡು ಅಂಶಗಳನ್ನು ಗಮನಿಸಬೇಕು.

ಮೊದಲನೆಯದಾಗಿ, ಅದರಲ್ಲಿ ಶಕ್ತಿಯನ್ನು ಕಿಲೋ ಜೌಲ್‌ಗಳಲ್ಲಿ ನೀಡಲಾಗಿದೆ. ಆ ಸಂಖ್ಯೆಯನ್ನು 4.184ರಿಂದ ಭಾಗಿಸಿದರೆ ಕಿಲೋ ಕ್ಯಾಲೊರಿ ದೊರೆಯುತ್ತದೆ. ಉದಾಹರಣೆಗೆ, 565 ಕಿಲೋ ಜೌಲ್ ಎಂದರೆ ಸುಮಾರು 135 ಕಿ.ಕ್ಯಾ. ಎರಡನೆಯದಾಗಿ, ಕೋಷ್ಟಕದ ಸಂಖ್ಯೆಗಳು 100 ಗ್ರಾಂ ತಿನ್ನಲು ಯೋಗ್ಯವಾದ ಭಾಗಕ್ಕೆ ಸಂಬಂಧಿಸಿವೆ. ಮೊಟ್ಟೆಯ ಚಿಪ್ಪು, ಈರುಳ್ಳಿಯ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ಇದರಲ್ಲಿ ಸೇರಿರುವುದಿಲ್ಲ.

ಒಂದೇ ಪದಾರ್ಥಕ್ಕೆ ಬೇರೆ ಬೇರೆ ಕೋಷ್ಟಕಗಳು ಬೇರೆ ಸಂಖ್ಯೆಗಳನ್ನು ನೀಡುವುದುಂಟು. 100 ಗ್ರಾಂ ಹಸಿ ಕೋಳಿಮೊಟ್ಟೆಗೆ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದಲ್ಲಿ 173 ಕಿ.ಕ್ಯಾ. ಎಂದಿದ್ದರೆ, 2017ರ ಕೋಷ್ಟಕದಂತೆ ಅದು ಸುಮಾರು 135 ಆಗುತ್ತದೆ; ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕದಲ್ಲಿ 143 ಇದೆ. ಮುಖ್ಯ ವ್ಯತ್ಯಾಸವು ಕೊಬ್ಬಿನ ಅಂಶದಲ್ಲಿದೆ: ಹಳೆಯ ಕೋಷ್ಟಕದಲ್ಲಿ 100 ಗ್ರಾಂಗೆ 13.3 ಗ್ರಾಂ ಕೊಬ್ಬನ್ನು ತೋರಿಸಿದ್ದರೆ, ಹೊಸದರಲ್ಲಿ ಅದು ಸುಮಾರು 9 ಗ್ರಾಂ. ಇಂದು ಹಳೆಯ ಪುಸ್ತಕ, ನಾಳೆ ಆ್ಯಪ್, ನಾಡಿದ್ದು ಇನ್ನೊಂದು ಪಟ್ಟಿ ಎಂದು ಬದಲಾಯಿಸುತ್ತಿದ್ದರೆ ನಿಮ್ಮ ದಾಖಲೆಗಳನ್ನು ಪರಸ್ಪರ ಹೋಲಿಸಲು ಸಾಧ್ಯವಾಗದು. ಆದ್ದರಿಂದ ಒಂದು ಆಧಾರವನ್ನು ಆಯ್ದುಕೊಂಡು ಅದನ್ನೇ ಮುಂದುವರಿಸಿ.

ಈ ಲೇಖನದ ಲೆಕ್ಕಗಳಿಗೆ ಬಳಸಿದ ದುಂಡು ಸಂಖ್ಯೆಗಳು (ಪ್ರತಿ 100 ಗ್ರಾಂ ಹಸಿ ಅಥವಾ ಒಣ ಪದಾರ್ಥಕ್ಕೆ, ಕಿ.ಕ್ಯಾ.ಗಳಲ್ಲಿ):

- ಮೊಟ್ಟೆ, ಚಿಪ್ಪು ರಹಿತ: 140
- ಅಡುಗೆ ಎಣ್ಣೆ, ತುಪ್ಪ: 900
- ಅಕ್ಕಿ: 350
- ರಾಗಿ ಹಿಟ್ಟು: 320
- ಹಸಿ ತೆಂಗಿನಕಾಯಿ ತುರಿ: 410
- ಹುರಿಗಡಲೆ: 370
- ಸಕ್ಕರೆ: 400
- ಈರುಳ್ಳಿ: 50
- ಟೊಮ್ಯಾಟೊ: 20
- ಒಣ ಸಾಂಬಾರ ಪುಡಿಗಳು: 300

ಬೇಕಾಗುವ ಸಲಕರಣೆಗಳು

1. ಒಂದು ಗ್ರಾಂವರೆಗೆ ತೋರಿಸುವ, 5 ಕಿಲೋ ವರೆಗೆ ತೂಗಬಲ್ಲ ಡಿಜಿಟಲ್ ಅಡುಗೆ ತಕ್ಕಡಿ. ಪಾತ್ರೆಯನ್ನಿಟ್ಟು ತೂಕವನ್ನು ಸೊನ್ನೆಗೆ ತರುವ ಗುಂಡಿ ಇರಬೇಕು.
2. ಔಷಧದ ಬಾಟಲಿಯೊಂದಿಗೆ ಬರುವ, ಮಿಲಿ ಲೀಟರ್ ಗುರುತುಗಳಿರುವ ಅಳತೆ ಮುಚ್ಚಳ.
3. ಒಂದು ನೋಟ್ ಪುಸ್ತಕ.

ತಕ್ಕಡಿ ಸರಿಯಾಗಿದೆಯೇ ಎಂಬುದನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ. ಒಡೆಯದ ಅರ್ಧ ಲೀಟರ್ ಹಾಲಿನ ಪೊಟ್ಟಣವು ಸುಮಾರು 515 ರಿಂದ 520 ಗ್ರಾಂ ತೂಗಬೇಕು; ಹಾಲು ನೀರಿಗಿಂತ ಸ್ವಲ್ಪ ಭಾರವಾಗಿರುವುದೇ ಇದಕ್ಕೆ ಕಾರಣ. ತಕ್ಕಡಿಯು ಇದಕ್ಕಿಂತ ಬಹಳ ಹೆಚ್ಚು ಅಥವಾ ಕಡಿಮೆ ತೋರಿಸಿದರೆ ಬ್ಯಾಟರಿಯನ್ನು ಬದಲಿಸಿ, ಸಮತಟ್ಟಾದ ನೆಲದ ಮೇಲಿಟ್ಟು ಮತ್ತೊಮ್ಮೆ ನೋಡಿ.

ತಕ್ಕಡಿ ಇಲ್ಲದವರು ಮನೆಯ ಅಳತೆಗಳನ್ನೇ ನಿಖರಗೊಳಿಸಿಕೊಳ್ಳಬಹುದು. ಪಾವು, ಸೇರು, ಲೋಟಗಳ ಗಾತ್ರವು ಊರಿನಿಂದ ಊರಿಗೆ, ಮನೆಯಿಂದ ಮನೆಗೆ ಬದಲಾಗುತ್ತದೆ. ನಿಮ್ಮ ಮನೆಯ ಪಾವಿನಲ್ಲಿ ಅಕ್ಕಿಯನ್ನೂ ರಾಗಿ ಹಿಟ್ಟನ್ನೂ ತಲೆತಟ್ಟಿ ಅಳೆದು, ಹತ್ತಿರದ ದಿನಸಿ ಅಂಗಡಿಯಲ್ಲಿ ಒಮ್ಮೆ ತೂಗಿಸಿ, ಆ ತೂಕವನ್ನು ಪಾವಿನ ಮೇಲೆಯೇ ಬರೆದಿಡಿ. ಎಣ್ಣೆಗೆ ಬಳಸುವ ಚಮಚವನ್ನು ಹತ್ತು ಬಾರಿ ನೀರಿನಿಂದ ತುಂಬಿ ಅಳತೆ ಮುಚ್ಚಳದಲ್ಲಿ ಅಳೆದರೆ, ಒಂದು ಚಮಚಕ್ಕೆ ಎಷ್ಟು ಮಿಲಿ ಲೀಟರ್ ಎಂಬುದು ತಿಳಿಯುತ್ತದೆ. ಪಾಕವಿಧಾನಗಳಲ್ಲಿ ಹೇಳುವ ಟೀ ಚಮಚ 5 ಮಿಲಿ ಲೀಟರ್, ಟೇಬಲ್ ಚಮಚ 15 ಮಿಲಿ ಲೀಟರ್. ಮನೆಯ ಸ್ಟೀಲ್ ಚಮಚಗಳು ಈ ಅಳತೆಗೆ ಹೊಂದಬೇಕೆಂದೇನೂ ಇಲ್ಲ.

ಮೊಟ್ಟೆಯ ತೂಕ ಮತ್ತು ಶಕ್ತಿ

ಆಗ್‌ಮಾರ್ಕ್ ಶ್ರೇಣೀಕರಣದಂತೆ ಕೋಳಿಮೊಟ್ಟೆಗಳನ್ನು ತೂಕದ ಆಧಾರದ ಮೇಲೆ ಹೀಗೆ ವಿಂಗಡಿಸಲಾಗುತ್ತದೆ.

- ಅತಿ ದೊಡ್ಡದು: 60 ಗ್ರಾಂ ಮತ್ತು ಹೆಚ್ಚು
- ದೊಡ್ಡದು: 53 ರಿಂದ 59 ಗ್ರಾಂ
- ಮಧ್ಯಮ: 45 ರಿಂದ 52 ಗ್ರಾಂ
- ಸಣ್ಣದು: 38 ರಿಂದ 44 ಗ್ರಾಂ

ಇದು ಚಿಪ್ಪು ಸಹಿತವಾದ ತೂಕ. ಒಟ್ಟು ತೂಕದಲ್ಲಿ ಚಿಪ್ಪಿನ ಪಾಲು ಸುಮಾರು ಶೇ. 11. ಆದ್ದರಿಂದ ಚಿಪ್ಪು ಸಹಿತ ತೂಕವನ್ನು 0.89ರಿಂದ ಗುಣಿಸಿದರೆ ತಿನ್ನುವ ಭಾಗದ ತೂಕವೂ, ಅದನ್ನು 1.4ರಿಂದ ಗುಣಿಸಿದರೆ ಶಕ್ತಿಯೂ ದೊರೆಯುತ್ತದೆ.

- 40 ಗ್ರಾಂ ಮೊಟ್ಟೆ: ತಿನ್ನುವ ಭಾಗ 36 ಗ್ರಾಂ, ಸುಮಾರು 50 ಕಿ.ಕ್ಯಾ.
- 48 ಗ್ರಾಂ ಮೊಟ್ಟೆ: ತಿನ್ನುವ ಭಾಗ 43 ಗ್ರಾಂ, ಸುಮಾರು 60 ಕಿ.ಕ್ಯಾ.
- 55 ಗ್ರಾಂ ಮೊಟ್ಟೆ: ತಿನ್ನುವ ಭಾಗ 49 ಗ್ರಾಂ, ಸುಮಾರು 70 ಕಿ.ಕ್ಯಾ.
- 62 ಗ್ರಾಂ ಮೊಟ್ಟೆ: ತಿನ್ನುವ ಭಾಗ 55 ಗ್ರಾಂ, ಸುಮಾರು 77 ಕಿ.ಕ್ಯಾ.

ಹಿತ್ತಲಲ್ಲಿ ಸಾಕಿದ ನಾಟಿ ಕೋಳಿಯ ಸಣ್ಣ ಮೊಟ್ಟೆಗೂ ಫಾರಂ ಕೋಳಿಯ ದೊಡ್ಡ ಮೊಟ್ಟೆಗೂ "ಒಂದು ಮೊಟ್ಟೆ" ಎಂದು ಒಂದೇ ಸಂಖ್ಯೆಯನ್ನು ಬರೆದುಕೊಳ್ಳುವುದು ಸರಿಯಲ್ಲವೆಂಬುದು ಇದರಿಂದ ಸ್ಪಷ್ಟವಾಗುತ್ತದೆ. ಚಿಪ್ಪಿನ ಬಣ್ಣ ಕಂದಾಗಿರಲಿ, ಬಿಳಿಯಾಗಿರಲಿ, ಶಕ್ತಿಯ ಲೆಕ್ಕದಲ್ಲಿ ಅದಕ್ಕೆ ಮಹತ್ವವಿಲ್ಲ, ತೂಕವೇ ಮುಖ್ಯ. ಬಹಳ ದಿನ ಇಟ್ಟ ಮೊಟ್ಟೆಯು ಚಿಪ್ಪಿನ ಸೂಕ್ಷ್ಮ ರಂಧ್ರಗಳ ಮೂಲಕ ನೀರನ್ನು ಕಳೆದುಕೊಂಡು ಹಗುರವಾಗುತ್ತದೆ, ಆದರೆ ಅದರ ಶಕ್ತಿ ಕಡಿಮೆಯಾಗಿರುವುದಿಲ್ಲ. ಆದ್ದರಿಂದ ತೂಗುವುದಕ್ಕೆ ತಾಜಾ ಮೊಟ್ಟೆಗಳನ್ನೇ ಬಳಸಿ.

ಮೊಟ್ಟೆಯ ಶಕ್ತಿಯ ಸುಮಾರು ಮುಕ್ಕಾಲು ಪಾಲು ಹಳದಿ ಭಾಗದಲ್ಲಿದೆ. 50 ಗ್ರಾಂ ತಿನ್ನುವ ಭಾಗವಿರುವ ಮೊಟ್ಟೆಯಲ್ಲಿ ಬಿಳಿ ಭಾಗವು ಸುಮಾರು 33 ಗ್ರಾಂ ಇದ್ದು ಸುಮಾರು 17 ಕಿ.ಕ್ಯಾ. ನೀಡಿದರೆ, 17 ಗ್ರಾಂ ಹಳದಿ ಭಾಗವು ಸುಮಾರು 55 ಕಿ.ಕ್ಯಾ. ನೀಡುತ್ತದೆ. ಹಳದಿ ಭಾಗವನ್ನು ಬಿಟ್ಟು ತಿನ್ನುವವರು ಇಡೀ ಮೊಟ್ಟೆಯ ಶಕ್ತಿಯನ್ನು ಬರೆದುಕೊಳ್ಳಕೂಡದು. ಅದೇ ರೀತಿ, ಮಗು ಹಳದಿ ಭಾಗವನ್ನು ತಟ್ಟೆಯಲ್ಲಿಯೇ ಬಿಟ್ಟಿದ್ದರೆ ಮೊಟ್ಟೆಯ ಹೆಚ್ಚಿನ ಶಕ್ತಿ ಮಗುವಿಗೆ ದೊರೆತಿಲ್ಲವೆಂದು ತಿಳಿಯಬೇಕು.

ಉದಾಹರಣೆ 1: ಬೇಯಿಸಿದ ಮೊಟ್ಟೆ

ನೀರಿನಲ್ಲಿ ಬೇಯಿಸಿದ ಮೊಟ್ಟೆಗೆ ಹೊರಗಿನಿಂದ ಯಾವ ಶಕ್ತಿಯೂ ಸೇರುವುದಿಲ್ಲ, ತೂಕವೂ ಹೆಚ್ಚು ಬದಲಾಗುವುದಿಲ್ಲ. 55 ಗ್ರಾಂ ಮೊಟ್ಟೆಯು ಹಸಿಯಾಗಿದ್ದಾಗ 70 ಕಿ.ಕ್ಯಾ. ಇದ್ದರೆ ಬೆಂದ ನಂತರವೂ 70 ಕಿ.ಕ್ಯಾ. ಮಾತ್ರ. ಕ್ಯಾಲೊರಿ ಲೆಕ್ಕವನ್ನು ಅಭ್ಯಾಸ ಮಾಡುವವರು ಈ ಖಾದ್ಯದಿಂದ ಪ್ರಾರಂಭಿಸುವುದು ಒಳ್ಳೆಯದು.

ಲೆಕ್ಕ ಸುಲಭವೆಂದು ಮೊಟ್ಟೆಯನ್ನು ಹಸಿಯಾಗಿ ಕುಡಿಯುವುದು ಸೂಕ್ತವಲ್ಲ. ಹಸಿ ಮೊಟ್ಟೆಯ ಸಸಾರಜನಕವು ಬೇಯಿಸಿದ ಮೊಟ್ಟೆಯಷ್ಟು ಚೆನ್ನಾಗಿ ಜೀರ್ಣವಾಗುವುದಿಲ್ಲ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಹೊಟ್ಟೆಯ ಸೋಂಕು ತಗಲುವ ಅಪಾಯವೂ ಇದೆ.

ಉದಾಹರಣೆ 2: ಆಮ್ಲೆಟ್

ಎರಡು ಮೊಟ್ಟೆಯ ಆಮ್ಲೆಟ್‌ಗೆ ಬಳಸಿದ ಪದಾರ್ಥಗಳು:

- 55 ಗ್ರಾಂನ 2 ಮೊಟ್ಟೆ, ತಿನ್ನುವ ಭಾಗ 98 ಗ್ರಾಂ: 137 ಕಿ.ಕ್ಯಾ.
- ಹೆಚ್ಚಿದ ಈರುಳ್ಳಿ 30 ಗ್ರಾಂ: 15 ಕಿ.ಕ್ಯಾ.
- ಎಣ್ಣೆ 10 ಗ್ರಾಂ: 90 ಕಿ.ಕ್ಯಾ.
- ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಉಪ್ಪು: ಲೆಕ್ಕಕ್ಕೆ ತೆಗೆದುಕೊಳ್ಳುವಷ್ಟಿಲ್ಲ

ಒಟ್ಟು: 242 ಕಿ.ಕ್ಯಾ.

ಎಣ್ಣೆಯನ್ನು ಬರೆಯದೆ ಬಿಟ್ಟರೆ ಈ ಮೊತ್ತವು 152ಕ್ಕೆ ಇಳಿಯುತ್ತದೆ. ಅಂದರೆ ಸೇವಿಸಿದ ಶಕ್ತಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತಲೂ ಹೆಚ್ಚು ದಾಖಲೆಗೆ ಬರುವುದೇ ಇಲ್ಲ. ಇನ್ನೊಂದು ರೀತಿಯಲ್ಲಿ ಹೋಲಿಸಿ ನೋಡಿ: ಒಂದು ಮೊಟ್ಟೆಯ ತೂಕವನ್ನು 5 ಗ್ರಾಂ ತಪ್ಪಾಗಿ ಅಂದಾಜಿಸಿದರೆ ಉಂಟಾಗುವ ವ್ಯತ್ಯಾಸ ಕೇವಲ 6 ಕಿ.ಕ್ಯಾ. ಆದರೆ ಒಂದು ಟೀ ಚಮಚ ಎಣ್ಣೆಯನ್ನು ಮರೆತರೆ ಸುಮಾರು 40 ಕಿ.ಕ್ಯಾ., ಒಂದು ಟೇಬಲ್ ಚಮಚವನ್ನು ಮರೆತರೆ ಸುಮಾರು 125 ಕಿ.ಕ್ಯಾ. ವ್ಯತ್ಯಾಸವಾಗುತ್ತದೆ. ನಿಮ್ಮ ಗಮನವನ್ನು ಮೊದಲು ಎಣ್ಣೆಯ ಕಡೆಗೆ ಹರಿಸಬೇಕೆಂದು ಹೇಳುವುದು ಈ ಕಾರಣದಿಂದಲೇ.

ಎಣ್ಣೆಯನ್ನು ಅಳೆಯುವ ವಿಧಾನಗಳು

ಅ) ದಿನನಿತ್ಯದ ಬಳಕೆಗೆ: ಎಣ್ಣೆಯ ಪಾತ್ರೆಯನ್ನೇ ತಕ್ಕಡಿಯ ಮೇಲಿಟ್ಟು ತೂಕವನ್ನು ಸೊನ್ನೆಗೆ ತನ್ನಿ. ಪಾತ್ರೆಯನ್ನು ಎತ್ತಿ ಬೇಕಾದಷ್ಟು ಎಣ್ಣೆಯನ್ನು ಬಾಣಲೆಗೆ ಸುರಿದು ಮರಳಿ ಇಡಿ. ತಕ್ಕಡಿಯು ಋಣ ಚಿಹ್ನೆಯೊಂದಿಗೆ ತೋರಿಸುವ ಸಂಖ್ಯೆಯೇ ಬಳಸಿದ ಎಣ್ಣೆಯ ತೂಕ. ಇದಕ್ಕೆ ಅರ್ಧ ನಿಮಿಷವೂ ಬೇಕಾಗದು. ಆಮ್ಲೆಟ್, ಪಲ್ಯ, ಒಗ್ಗರಣೆ ಎಲ್ಲಕ್ಕೂ ಇದು ಹೊಂದುತ್ತದೆ.

ಆ) ಕರಿದ ಖಾದ್ಯಗಳಿಗೆ: ಮೊಟ್ಟೆ ಬೋಂಡಾದಂತಹ ಖಾದ್ಯಗಳಲ್ಲಿ ಬಾಣಲೆಗೆ ಸುರಿದ ಎಣ್ಣೆಯೆಲ್ಲವೂ ತಿನಿಸಿಗೆ ಸೇರುವುದಿಲ್ಲ. ಕರಿಯುವ ಮೊದಲು ಎಣ್ಣೆಯನ್ನು ತೂಗಿ. ಕರಿದು ಮುಗಿದ ನಂತರ ಎಣ್ಣೆ ಪೂರ್ತಿ ತಣ್ಣಗಾದ ಮೇಲೆ ಮತ್ತೆ ತೂಗಿ. ವ್ಯತ್ಯಾಸವನ್ನು ಬೋಂಡಾಗಳ ಸಂಖ್ಯೆಯಿಂದ ಭಾಗಿಸಿ. ಮೊದಲು 500 ಗ್ರಾಂ ಇದ್ದ ಎಣ್ಣೆ ಕೊನೆಯಲ್ಲಿ 410 ಗ್ರಾಂ ಉಳಿದಿದ್ದರೆ 90 ಗ್ರಾಂ, ಅಂದರೆ 810 ಕಿ.ಕ್ಯಾ. ಖರ್ಚಾಗಿದೆ. 12 ಬೋಂಡಾ ಮಾಡಿದ್ದರೆ ಪ್ರತಿಯೊಂದಕ್ಕೆ ಎಣ್ಣೆಯಿಂದಲೇ ಸುಮಾರು 68 ಕಿ.ಕ್ಯಾ. ಸೇರಿದಂತಾಯಿತು. ಇದು ಹೆಚ್ಚುಕಡಿಮೆ ಒಂದು ಇಡೀ ಮೊಟ್ಟೆಯ ಶಕ್ತಿಗೆ ಸಮ. ಸಿಡಿದುಹೋದ ಎಣ್ಣೆಯೂ ಇದರಲ್ಲಿ ಸೇರುವುದರಿಂದ ಲೆಕ್ಕವು ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ. ಬಿಸಿ ಎಣ್ಣೆಯ ಬಾಣಲೆಯನ್ನು ಯಾವುದೇ ಕಾರಣಕ್ಕೂ ತಕ್ಕಡಿಯ ಮೇಲಿಡಬೇಡಿ.

ಇ) ತಿಂಗಳ ಪರಿಶೀಲನೆ: ನಿಮ್ಮ ದಾಖಲೆ ಸರಿಯಾಗಿದೆಯೇ ಎಂದು ತಿಳಿಯಲು ಇದು ಅತ್ಯಂತ ಸರಳವಾದ ಮಾರ್ಗ. ಐದು ಜನರ ಮನೆಯಲ್ಲಿ ತಿಂಗಳಿಗೆ 4 ಲೀಟರ್ ಎಣ್ಣೆ ಖರ್ಚಾಗುತ್ತದೆಯೆಂದು ಭಾವಿಸೋಣ. 1 ಲೀಟರ್ ಎಣ್ಣೆ ಸುಮಾರು 920 ಗ್ರಾಂ ತೂಗುವುದರಿಂದ ಒಟ್ಟು 3,680 ಗ್ರಾಂ ಆಯಿತು. ಇದನ್ನು 5 ಜನ ಮತ್ತು 30 ದಿನಗಳಿಂದ ಭಾಗಿಸಿದರೆ ತಲಾ ದಿನಕ್ಕೆ 24.5 ಗ್ರಾಂ, ಅಂದರೆ ಸುಮಾರು 220 ಕಿ.ಕ್ಯಾ. ನಿಮ್ಮ ದಿನದ ದಾಖಲೆಯಲ್ಲಿ ಎಣ್ಣೆಯಿಂದ 120 ಕಿ.ಕ್ಯಾ. ಮಾತ್ರ ಬರೆದಿದ್ದರೆ ಸುಮಾರು 100 ಕಿ.ಕ್ಯಾ. ಎಲ್ಲಿಯೋ ಬಿಟ್ಟುಹೋಗಿದೆಯೆಂದು ಅರ್ಥ. ದೀಪಕ್ಕೆ ಬಳಸಿದ, ಕರಿದ ನಂತರ ಚೆಲ್ಲಿದ, ನೆಂಟರಿಷ್ಟರ ಊಟಕ್ಕೆ ಖರ್ಚಾದ ಎಣ್ಣೆಯನ್ನು ಕಳೆದು ಈ ಲೆಕ್ಕವನ್ನು ಮಾಡಬೇಕು. ತುಪ್ಪಕ್ಕೂ ಇದೇ ಕ್ರಮವನ್ನು ಅನುಸರಿಸಿ.

ಹಸಿ ತೂಕ ಮತ್ತು ಬೆಂದ ತೂಕ

ಅಕ್ಕಿ, ರಾಗಿ, ಬೇಳೆಗಳಲ್ಲಿ ಅತಿ ದೊಡ್ಡ ತಪ್ಪು ನುಸುಳುವುದು ಇಲ್ಲಿ. 250 ಗ್ರಾಂ ಅಕ್ಕಿಯಲ್ಲಿ 875 ಕಿ.ಕ್ಯಾ. ಇದೆ. ಅದು ಬೆಂದು 750 ಗ್ರಾಂ ಅನ್ನವಾಯಿತೆನ್ನಿ. ಸೇರಿದ 500 ಗ್ರಾಂ ಬರಿಯ ನೀರು. ಒಟ್ಟು ಶಕ್ತಿ ಈಗಲೂ 875 ಕಿ.ಕ್ಯಾ. ಮಾತ್ರ. ಆದ್ದರಿಂದ 100 ಗ್ರಾಂ ಅನ್ನಕ್ಕೆ ಸುಮಾರು 117 ಕಿ.ಕ್ಯಾ. ಆಗುತ್ತದೆ. ತಟ್ಟೆಯಲ್ಲಿರುವ 200 ಗ್ರಾಂ ಅನ್ನಕ್ಕೆ 233 ಕಿ.ಕ್ಯಾ. ಎಂದು ಬರೆಯಬೇಕಾದಲ್ಲಿ, ಅಕ್ಕಿಯ ಸಂಖ್ಯೆಯನ್ನು ಅನ್ನದ ತೂಕಕ್ಕೆ ಅನ್ವಯಿಸಿದರೆ 700 ಎಂದಾಗುತ್ತದೆ. ಈ ತಪ್ಪು ಲೆಕ್ಕವನ್ನು ನಂಬಿ ಅನ್ನವನ್ನು ಕಡಿಮೆ ಮಾಡಿದವರು ಅಗತ್ಯಕ್ಕಿಂತ ಬಹಳ ಕಡಿಮೆ ತಿನ್ನುವಂತಾಗುತ್ತದೆ.

ಗಂಜಿ ಬಸಿದು ಮಾಡುವ ಅನ್ನದಲ್ಲಿ ಸ್ವಲ್ಪ ಪಿಷ್ಟವು ಗಂಜಿಯೊಂದಿಗೆ ಹೋಗುವುದರಿಂದ ಅನ್ನದ ಶಕ್ತಿಯು ಲೆಕ್ಕಕ್ಕಿಂತ ತುಸು ಕಡಿಮೆಯಿರುತ್ತದೆ. ಆ ಗಂಜಿಯನ್ನು ಕುಡಿಯುವವರಿಗೆ ಅದು ಮರಳಿ ದೊರೆಯುತ್ತದೆ.

ರಾಗಿ ಮುದ್ದೆಗೂ ಇದೇ ನಿಯಮ. 400 ಗ್ರಾಂ ಹಿಟ್ಟಿನಲ್ಲಿ 1,280 ಕಿ.ಕ್ಯಾ. ಇದೆ. ತಯಾರಾದ ಮುದ್ದೆಯ ಒಟ್ಟು ತೂಕ 1,200 ಗ್ರಾಂ ಇದ್ದರೆ 100 ಗ್ರಾಂಗೆ ಸುಮಾರು 107 ಕಿ.ಕ್ಯಾ., 250 ಗ್ರಾಂನ ಒಂದು ಮುದ್ದೆಗೆ ಸುಮಾರು 267 ಕಿ.ಕ್ಯಾ. ಹಿಟ್ಟಿಗೆ ಎಷ್ಟು ನೀರು ಹಿಡಿಯಿತು ಎಂಬುದರ ಮೇಲೆ ಈ ಸಂಖ್ಯೆ ಬದಲಾಗುವುದರಿಂದ ನಿಮ್ಮ ಮನೆಯ ಹದಕ್ಕೆ ನೀವೇ ಒಮ್ಮೆ ತೂಗಿ ನೋಡಬೇಕು.

ಉದಾಹರಣೆ 3: ಕುಟುಂಬಕ್ಕೆ ಮಾಡಿದ ಮೊಟ್ಟೆ ಸಾರು

ಹಲವರಿಗಾಗಿ ಒಂದೇ ಪಾತ್ರೆಯಲ್ಲಿ ಮಾಡುವ ಅಡುಗೆಗೆ ಈ ಕ್ರಮವನ್ನು ಅನುಸರಿಸಿ.

1. ಖಾಲಿ ಪಾತ್ರೆಯನ್ನು ತೂಗಿ ಬರೆದುಕೊಳ್ಳಿ. ಮನೆಯ ಮುಖ್ಯ ಪಾತ್ರೆಗಳ ತೂಕವನ್ನು ಅಡುಗೆಮನೆಯ ಗೋಡೆಯ ಮೇಲೆ ಬರೆದಿಟ್ಟರೆ ಪ್ರತಿಸಲ ತೂಗಬೇಕಾಗಿಲ್ಲ.
2. ಸಿಪ್ಪೆ ತೆಗೆದ ಪ್ರತಿ ಪದಾರ್ಥವನ್ನೂ ಹಾಕುವ ಮೊದಲು ಹಸಿಯಾಗಿಯೇ ತೂಗಿ.
3. ಎಲ್ಲ ಪದಾರ್ಥಗಳ ಶಕ್ತಿಯನ್ನು ಕೂಡಿಸಿ.
4. ಸಾರು ತಯಾರಾದ ನಂತರ, ಮೊಟ್ಟೆಗಳನ್ನು ಹಾಕುವ ಮೊದಲು, ಪಾತ್ರೆ ಸಹಿತ ತೂಗಿ ಪಾತ್ರೆಯ ತೂಕವನ್ನು ಕಳೆಯಿರಿ. ತಕ್ಕಡಿಯ ಮೇಲೆ ಮರದ ಹಲಗೆಯನ್ನಿಟ್ಟು ಸೊನ್ನೆಗೆ ತಂದ ನಂತರವೇ ಬಿಸಿ ಪಾತ್ರೆಯನ್ನಿಡಬೇಕು.
5. ಒಟ್ಟು ಶಕ್ತಿಯನ್ನು ಸಾರಿನ ತೂಕದಿಂದ ಭಾಗಿಸಿ 100ರಿಂದ ಗುಣಿಸಿ.

ಸಾರಿನ ಲೆಕ್ಕ:

- ಈರುಳ್ಳಿ 150 ಗ್ರಾಂ: 75 ಕಿ.ಕ್ಯಾ.
- ಟೊಮ್ಯಾಟೊ 150 ಗ್ರಾಂ: 30 ಕಿ.ಕ್ಯಾ.
- ತೆಂಗಿನಕಾಯಿ ತುರಿ 80 ಗ್ರಾಂ: 328 ಕಿ.ಕ್ಯಾ.
- ಹುರಿಗಡಲೆ 10 ಗ್ರಾಂ: 37 ಕಿ.ಕ್ಯಾ.
- ಸಾಂಬಾರ ಪುಡಿ 15 ಗ್ರಾಂ: 45 ಕಿ.ಕ್ಯಾ.
- ಎಣ್ಣೆ 30 ಗ್ರಾಂ: 270 ಕಿ.ಕ್ಯಾ.

ಒಟ್ಟು: 785 ಕಿ.ಕ್ಯಾ. ಸಿದ್ಧವಾದ ಸಾರಿನ ತೂಕ 1,200 ಗ್ರಾಂ. ಆದ್ದರಿಂದ 100 ಗ್ರಾಂ ಸಾರಿಗೆ ಸುಮಾರು 65 ಕಿ.ಕ್ಯಾ.

ಬೇಯಿಸಿದ ಮೊಟ್ಟೆಗಳನ್ನು ಸಾರಿನೊಂದಿಗೆ ಸೇರಿಸಿ ಭಾಗಿಸದೆ, ಪ್ರತ್ಯೇಕವಾಗಿ ಎಣಿಸಿ ಒಂದಕ್ಕೆ 70 ಕಿ.ಕ್ಯಾ.ನಂತೆ ಲೆಕ್ಕ ಹಾಕಬೇಕು. ಒಬ್ಬರು 2 ಮೊಟ್ಟೆ ಹಾಗೂ 200 ಗ್ರಾಂ ಸಾರನ್ನು ಸೇವಿಸಿದರೆ 140 ಮತ್ತು 130 ಸೇರಿ 270 ಕಿ.ಕ್ಯಾ. ಜೊತೆಗೆ 250 ಗ್ರಾಂನ ಒಂದು ಮುದ್ದೆ ಸೇರಿದರೆ ಊಟದ ಒಟ್ಟು ಶಕ್ತಿ ಸುಮಾರು 537 ಕಿ.ಕ್ಯಾ.

ನಿಮ್ಮ ಮನೆಯ ಸೌಟಿನಲ್ಲಿ ಎಷ್ಟು ಗ್ರಾಂ ಸಾರು ಹಿಡಿಯುತ್ತದೆಂದು ಒಮ್ಮೆ ತೂಗಿಟ್ಟುಕೊಂಡರೆ, ಮುಂದೆ ಸೌಟುಗಳನ್ನು ಎಣಿಸಿದರೆ ಸಾಕು. ಇದೇ ಸಾರನ್ನು ಮುಂದಿನ ವಾರ ಅದೇ ಅಳತೆಯಲ್ಲಿ ಮಾಡುವುದಾದರೆ ಹೊಸದಾಗಿ ಲೆಕ್ಕ ಹಾಕುವ ಅಗತ್ಯವೂ ಇಲ್ಲ.

ತಟ್ಟೆಗೆ ಬಂದದ್ದನ್ನೇ ಬರೆಯಿರಿ

ಪಾತ್ರೆಯ ಒಟ್ಟು ಶಕ್ತಿಯನ್ನು ಮನೆಯ ಸದಸ್ಯರ ಸಂಖ್ಯೆಯಿಂದ ಭಾಗಿಸಿ "ತಲಾ ಇಷ್ಟು" ಎಂದು ಬರೆಯುವ ರೂಢಿಯಿದೆ. ಇದನ್ನು ಬಿಡಬೇಕು. ಅನೇಕ ಮನೆಗಳಲ್ಲಿ ಎಲ್ಲರಿಗೂ ಬಡಿಸಿ ಕೊನೆಯಲ್ಲಿ ಊಟ ಮಾಡುವ ಗೃಹಿಣಿಯ ಪಾಲಿಗೆ ಮೊಟ್ಟೆ ಉಳಿಯದೆ ಸಾರು ಮಾತ್ರ ಉಳಿದಿರುವುದುಂಟು. ಮೇಲಿನ ಉದಾಹರಣೆಯಲ್ಲಿ 2 ಮೊಟ್ಟೆ ಪಡೆದವರಿಗೂ ಬರಿಯ ಸಾರು ಪಡೆದವರಿಗೂ 140 ಕಿ.ಕ್ಯಾ. ಹಾಗೂ ಸುಮಾರು 13 ಗ್ರಾಂ ಸಸಾರಜನಕದ ಅಂತರವಿದೆ. ತಲಾ ಲೆಕ್ಕದಲ್ಲಿ ಈ ಅಂತರ ಕಾಣುವುದೇ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಶಿಫಾರಸಿನಂತೆ, 55 ಕಿಲೋ ತೂಕದ ಮಹಿಳೆಗೆ ದಿನಕ್ಕೆ ಬೇಕಾಗುವ ಶಕ್ತಿಯು ಕುಳಿತು ಮಾಡುವ ಕೆಲಸದಲ್ಲಿ 1,660, ಮಧ್ಯಮ ಶ್ರಮದಲ್ಲಿ 2,130, ಹೆಚ್ಚಿನ ಶ್ರಮದಲ್ಲಿ 2,720 ಕಿ.ಕ್ಯಾ. 65 ಕಿಲೋ ತೂಕದ ಪುರುಷನಿಗೆ ಇದು ಕ್ರಮವಾಗಿ 2,110, 2,710 ಮತ್ತು 3,470 ಕಿ.ಕ್ಯಾ. ನಾಟಿ, ಕಳೆ, ಕೊಯ್ಲಿನ ದಿನಗಳಲ್ಲಿ ಹೊಲದಲ್ಲಿ ದುಡಿಯುವ ಮಹಿಳೆಯ ಅಗತ್ಯವು ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಪುರುಷನ ಅಗತ್ಯಕ್ಕಿಂತ ಹೆಚ್ಚಾಗಿರುತ್ತದೆ ಎಂಬುದನ್ನು ಈ ಸಂಖ್ಯೆಗಳು ತೋರಿಸುತ್ತವೆ. ಆಹಾರದ ದಾಖಲೆಯನ್ನು ತೂಕ ಇಳಿಸುವುದಕ್ಕೆ ಮಾತ್ರವಲ್ಲದೆ, ಮನೆಯಲ್ಲಿ ಯಾರಿಗೆ ಸಾಲದಾಗುತ್ತಿದೆ ಎಂಬುದನ್ನು ತಿಳಿಯುವುದಕ್ಕೂ ಬಳಸಿ. ಒಂದು ವಾರದ ಮಟ್ಟಿಗಾದರೂ ಕೊನೆಯಲ್ಲಿ ಊಟ ಮಾಡುವವರ ತಟ್ಟೆಯನ್ನು ಮೊದಲು ತೂಗಿ ನೋಡಿ.

ಸಾಮಾನ್ಯವಾಗಿ ಬಿಟ್ಟುಹೋಗುವ ಅಂಶಗಳು

- ಚಹಾ, ಕಾಫಿಗೆ ಹಾಕುವ ಸಕ್ಕರೆ. 5 ಗ್ರಾಂಗೆ 20 ಕಿ.ಕ್ಯಾ.ನಂತೆ, ದಿನಕ್ಕೆ ನಾಲ್ಕು ಲೋಟಗಳಿಗೆ ತಲಾ 10 ಗ್ರಾಂ ಹಾಕಿದರೆ 160 ಕಿ.ಕ್ಯಾ.
- ಬಿಸಿ ಮುದ್ದೆ, ಅನ್ನಕ್ಕೆ ಮೇಲಿನಿಂದ ಬಡಿಸುವ ತುಪ್ಪ.
- ಸಾರು, ಪಲ್ಯಕ್ಕೆ ಕೊನೆಯಲ್ಲಿ ಹಾಕುವ ಎರಡನೆಯ ಒಗ್ಗರಣೆ.
- ಕಾವಲಿಗೆ ಪ್ರತಿ ಬಾರಿ ಸವರುವ ಎಣ್ಣೆ.
- ಅಡುಗೆ ಮಾಡುತ್ತಾ ರುಚಿ ನೋಡಿದ್ದು, ಮಕ್ಕಳು ಬಿಟ್ಟದ್ದನ್ನು ತಿಂದದ್ದು.
- ತಟ್ಟೆಯಲ್ಲಿ ಉಳಿಸಿ ಎಸೆದದ್ದು. ಇದನ್ನು ಲೆಕ್ಕದಿಂದ ಕಳೆಯಬೇಕು.

ದಾಖಲೆಯನ್ನು ಆಯಾ ಊಟದ ನಂತರವೇ ಬರೆಯಿರಿ. ರಾತ್ರಿ ಮಲಗುವ ಮುನ್ನ ನೆನಪಿಸಿಕೊಂಡು ಬರೆದರೆ ಮೇಲಿನ ಅಂಶಗಳು ಮರೆತುಹೋಗುತ್ತವೆ.

ಎಷ್ಟು ನಿಖರತೆ ಸಾಕು?

ಪದಾರ್ಥದ ತಳಿ, ಕೋಳಿಯ ಆಹಾರ, ಕಾಳಿನ ತೇವಾಂಶ ಇವುಗಳಿಂದ ಕೋಷ್ಟಕದ ಸಂಖ್ಯೆಗೂ ನಿಮ್ಮ ಮನೆಯ ಪದಾರ್ಥಕ್ಕೂ ಸ್ವಲ್ಪ ವ್ಯತ್ಯಾಸ ಇದ್ದೇ ಇರುತ್ತದೆ. ಆದ್ದರಿಂದ 242 ಎಂದು ಬಂದದ್ದನ್ನು 240 ಎಂದು ಬರೆದರೆ ಯಾವ ಬಾಧಕವೂ ಇಲ್ಲ. ಒಂದೊಂದು ಕ್ಯಾಲೊರಿಗಾಗಿ ಚಿಂತಿಸದೆ, ದೊಡ್ಡ ತಪ್ಪುಗಳನ್ನು ತಡೆಯುವ ಕಡೆಗೆ ಲಕ್ಷ್ಯ ಕೊಡಿ. ಒಂದು ದಿನದ ಮೊತ್ತಕ್ಕಿಂತ ಏಳು ದಿನಗಳ ಸರಾಸರಿಯು ಹೆಚ್ಚು ವಿಶ್ವಾಸಾರ್ಹ. ಕೊನೆಯದಾಗಿ, ದೇಹದ ತೂಕವೇ ನಿಮ್ಮ ಲೆಕ್ಕದ ಪರೀಕ್ಷಕ: ವಾರಕ್ಕೊಮ್ಮೆ ಬೆಳಿಗ್ಗೆ ಒಂದೇ ಸಮಯದಲ್ಲಿ ತೂಕ ನೋಡಿಕೊಳ್ಳಿ. ದಾಖಲೆಯಲ್ಲಿ ಶಕ್ತಿ ಕಡಿಮೆಯಾಗಿದ್ದರೂ ಹಲವು ವಾರಗಳವರೆಗೆ ದೇಹದ ತೂಕ ಇಳಿಯದಿದ್ದರೆ ಮೊದಲು ಎಣ್ಣೆಯ ತಿಂಗಳ ಲೆಕ್ಕವನ್ನು ಪರಿಶೀಲಿಸಿ.

ಮುನ್ನೆಚ್ಚರಿಕೆಗಳು

- ಬೆಳೆಯುವ ಮಕ್ಕಳು, ಗರ್ಭಿಣಿಯರು ಮತ್ತು ಹಾಲುಣಿಸುವ ತಾಯಂದಿರ ಆಹಾರವನ್ನು ಕ್ಯಾಲೊರಿ ಲೆಕ್ಕದ ಆಧಾರದ ಮೇಲೆ ಕಡಿತಗೊಳಿಸಬಾರದು.
- ಇನ್ಸುಲಿನ್ ಅಥವಾ ಮಧುಮೇಹದ ಮಾತ್ರೆಗಳನ್ನು ತೆಗೆದುಕೊಳ್ಳುವವರು ವೈದ್ಯರ ಸಲಹೆಯಿಲ್ಲದೆ ಊಟದ ಪ್ರಮಾಣವನ್ನಾಗಲಿ ಔಷಧದ ಪ್ರಮಾಣವನ್ನಾಗಲಿ ಬದಲಾಯಿಸಬಾರದು.
- ಕ್ಯಾಲೊರಿ ಕಡಿಮೆ ಮಾಡುವ ಉದ್ದೇಶದಿಂದ ಊಟವನ್ನೇ ಬಿಡುವುದು ಸಲ್ಲದು. ಅದೇ ಮೊಟ್ಟೆಯನ್ನು ಕರಿಯುವ ಬದಲು ಬೇಯಿಸಿ ತಿನ್ನುವುದು ಉತ್ತಮ ಮಾರ್ಗ.
- ಲೆಕ್ಕದ ಚಿಂತೆಯಿಂದ ಊಟವೇ ಭಯವೆನಿಸತೊಡಗಿದರೆ ದಾಖಲೆ ಬರೆಯುವುದನ್ನು ನಿಲ್ಲಿಸಿ ವೈದ್ಯರನ್ನು ಕಾಣಿರಿ.

ಮುಖ್ಯಾಂಶಗಳು

1. ಮೊಟ್ಟೆಯನ್ನು ಸಂಖ್ಯೆಯಿಂದಲ್ಲದೆ ತೂಕದಿಂದ ಲೆಕ್ಕ ಹಾಕಿ, ಚಿಪ್ಪಿನ ಶೇ. 11ನ್ನು ಕಳೆಯಿರಿ.
2. ಪದಾರ್ಥಗಳನ್ನು ಹಸಿಯಾಗಿ ತೂಗಿ, ಹಸಿ ಪದಾರ್ಥದ ಸಂಖ್ಯೆಯನ್ನೇ ಬಳಸಿ.
3. ಎಣ್ಣೆಯನ್ನು ಪ್ರತಿ ಬಾರಿಯೂ ಅಳೆಯಿರಿ. ತಿಂಗಳಿಗೊಮ್ಮೆ ಒಟ್ಟು ಖರ್ಚಿನೊಂದಿಗೆ ತಾಳೆ ನೋಡಿ.
4. ಪಾತ್ರೆಯ ಅಡುಗೆಯನ್ನು ಸಿದ್ಧವಾದ ತೂಕದಿಂದ ಭಾಗಿಸಿ, ಜನರ ಸಂಖ್ಯೆಯಿಂದಲ್ಲ.
5. ಒಂದೇ ಕೋಷ್ಟಕವನ್ನು ಬಳಸಿ, ವಾರದ ಸರಾಸರಿಯನ್ನು ನೋಡಿ.

ನಿಮ್ಮ ವಯಸ್ಸು, ಶ್ರಮ ಮತ್ತು ಆರೋಗ್ಯಕ್ಕೆ ತಕ್ಕ ಆಹಾರ ಯೋಜನೆಗಾಗಿ ಒಂದು ವಾರದ ದಾಖಲೆಯೊಂದಿಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದ ಗೃಹ ವಿಜ್ಞಾನ ತಜ್ಞರನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದು.